ಹಾಕಿ ಪ್ರೋ ಲೀಗ್‌ನಲ್ಲಿ ಭಾರತಕ್ಕೆ ಸತತ 7 ಸೋಲು, 6 ಸಲ ಒಂದೇ ಗೋಲಿನ ಅಂತರ: ಎಡವಟ್ಟಾಗ್ತಿರೋದು ಎಲ್ಲಿ?

ಇಪ್ಪತ್ಮೂರರ_ಗೆರೆ | ಜೂನ್ 21, 2025

ಬೆಲ್ಜಿಯಂ ಕೈಲಿ 3-6. ಇದೂ ಸೇರಿ ಸತತ ಏಳು. ಲೆಕ್ಕ ಪೂರ್ತಿ ಇಟ್ಟುಬಿಡ್ತೀನಿ, ಆಮೇಲೆ ಜಗಳ ಆಡೋಣ.

ನೆದರ್ಲೆಂಡ್ಸ್ ವಿರುದ್ಧ 1-2, 2-3. ಅರ್ಜೆಂಟೀನಾ 3-4, 1-2. ಆಸ್ಟ್ರೇಲಿಯಾ 2-3, 2-3. ಈಗ ಇದು.

ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಹೆಚ್ಚುಕಮ್ಮಿ ಇದೇ ಹುಡುಗರು 8ರಲ್ಲಿ 5 ಪಂದ್ಯ ಗೆದ್ದು 15 ಅಂಕ ಜೇಬಿಗಿಟ್ಕೊಂಡಿದ್ರು. ಜರ್ಮನಿಯನ್ನೂ ಒಮ್ಮೆ 1-0ರಿಂದ ಮಣಿಸಿದ್ರು. ಯುರೋಪಿಗೆ ಬಂದಮೇಲೆ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್, ಬೆಲ್ಜಿಯಂನ ಆಂಟ್ವರ್ಪ್ ಎರಡೂ ಕಡೆ ಸೇರಿ ಒಂದೇ ಒಂದು ಅಂಕ ಇಲ್ಲ. 9 ತಂಡಗಳಲ್ಲಿ ಕೊನೆಯವರು ಕೆಳಗಿನ ಹಂತದ ನೇಷನ್ಸ್ ಕಪ್‌ಗೆ ಇಳೀಬೇಕು. ಐರ್ಲೆಂಡ್ ನಮಗಿಂತ ಕೆಳಗಿರೋದ್ರಿಂದ ಮಾನ ಉಳೀತು.

ಒಂದೋ ಎರಡೋ ಪಂದ್ಯ ಹೀಗೆ ಹೋದ್ರೆ ನಸೀಬು ಅನ್ನಬಹುದು. ಆರು ಸಲ ಒಂದೇ ಗೋಲಿನಿಂದ ಸೋತ್ರೆ ಅದಕ್ಕೊಂದು ಕಾರಣ ಇರ್ಲೇಬೇಕು. ಏನದು? "ಫಿಟ್‌ನೆಸ್ ಇಲ್ಲ", "ಮನಸ್ಸಿಲ್ಲ" ಅನ್ನೋ ಉತ್ತರ ಬೇಡ. ಮೈದಾನದಲ್ಲಿ ಕಾಣೋದನ್ನ ಹೇಳಿ.

ಗೆದ್ದಾಗ_ಮಾತ್ರ

ನಿವೃತ್ತಿ ಆದ ಕೀಪರ್ ಶ್ರೀಜೇಶ್ ಇಲ್ಲ. ಉತ್ತರ ಸಿಕ್ತು, ಚರ್ಚೆ ಬಂದ್ ಮಾಡಿ.

ಎಡಗಡೆ_ಕಂಬ

@ಗೆದ್ದಾಗ_ಮಾತ್ರ ಅಷ್ಟು ಸಲೀಸಾಗಿ ಮುಗಿಸೋ ಹಾಗಿಲ್ಲ. ಕೃಷನ್ ಪಾಠಕ್ ಆಗಲಿ ಸೂರಜ್ ಕರ್ಕೇರ ಆಗಲಿ ಕೆಟ್ಟ ಕೀಪರ್‌ಗಳಲ್ಲ. ಕಾಲು, ಕೈ ಇಬ್ಬರದ್ದೂ ಚುರುಕಾಗಿದೆ. ಕಾಣೆಯಾಗಿರೋದು ಬಾಯಿ.

ಪಿಸಿ (ಪೆನಾಲ್ಟಿ ಕಾರ್ನರ್) ತಡೆಯೋದು ಕೀಪರ್ ಒಬ್ಬನ ಕೆಲಸ ಅಲ್ಲ. ಗೋಲ್ ಗೆರೆ ಹಿಂದೆ ಕೀಪರ್ ಸೇರಿ 5 ಜನ, ಮಿಕ್ಕವರೆಲ್ಲ ಮಧ್ಯದ ಗೆರೆ ಆಚೆ. ಎದುರಾಳಿಯ ಪುಷರ್ ಚೆಂಡು ತಳ್ಳಿದ ತಕ್ಷಣ ಮೊದಲ ರಷರ್ (ನಮ್ಮಲ್ಲಿ ಅಡ್ಡಗಟ್ಟೋಕೆ ಓಡೋನು) ನೇರ ಫ್ಲಿಕರ್ (ಗೋಲಿಗೆ ಹೊಡೆಯೋನು) ಕಡೆ ಓಡ್ತಾನೆ. ಅವನು ಓಡೋ ದಾರಿಯೇ ಗೋಲಿನ ಒಂದು ಮಗ್ಗುಲನ್ನ ಮುಚ್ಚಬೇಕು, ಉಳಿದದ್ದು ಕೀಪರ್ ಪಾಲು. ಗೋಲಿನ ಅಗಲ 3.66 ಮೀಟರ್, ಎತ್ತರ 2.14. ಅಷ್ಟನ್ನೂ ಒಬ್ಬನೇ ಕಾಯೋಕೆ ಯಾರಿಂದಲೂ ಆಗಲ್ಲ. ರಷರ್ ಒಂದು ಕಡೆ ಮುಚ್ಚಿಕೊಟ್ರೆ ಆಗುತ್ತೆ. ರಷರ್ ಅರ್ಧ ಹೆಜ್ಜೆ ದಾರಿ ತಪ್ಪಿದ್ರೆ ಎರಡು ಅನಾಹುತ: ಮುಚ್ಚಬೇಕಾದ ಮಗ್ಗುಲು ತೆರೆದುಕೊಳ್ಳುತ್ತೆ, ಮೇಲಾಗಿ ಇವನ ಮೈ ಅಡ್ಡ ಬಂದು ಕೀಪರ್‌ಗೆ ಚೆಂಡೇ ಕಾಣಲ್ಲ. ಸ್ಟಿಕ್‌ನಲ್ಲಿ ಎಳೆದು ಬೀಸೋ ಡ್ರ್ಯಾಗ್ ಫ್ಲಿಕ್ ಗಂಟೆಗೆ 100 ಕಿ.ಮೀ. ದಾಟಿ ಬರುತ್ತೆ. ಕಂಡಮೇಲೆ ಕಾಲು ಚಾಚೋಣ ಅಂದ್ರೆ ಆಗಲೇ ಹಲಗೆ ಸದ್ದು ಕೇಳಿರುತ್ತೆ.

ಶ್ರೀಜೇಶ್ ಪಿಸಿಗೆ ಮುಂಚೆ ಸಿಗೋ ಆ 40 ಸೆಕೆಂಡ್‌ನಲ್ಲಿ ಎಲ್ಲರನ್ನೂ ಗದರಿಸಿ ಜಾಗಕ್ಕೆ ನಿಲ್ಲಿಸ್ತಿದ್ದ: ಯಾರು ಮೊದಲು, ಯಾರು ಎರಡನೇ ಓಟ, ಕಂಬಕ್ಕೆ ಯಾರು, ರಿಬೌಂಡ್ ಯಾರದ್ದು. ಎದುರಾಳಿ ಡಿ (ಗೋಲಿನ ಮುಂದಿನ ಅರ್ಧವೃತ್ತ) ತುದಿಯಲ್ಲಿ ಹೇಗೆ ನಿಂತಿದ್ದಾರೆ ನೋಡಿ ಕೊನೇ ಕ್ಷಣದಲ್ಲಿ ಬದಲಾಯಿಸ್ತಿದ್ದ. 18 ವರ್ಷದ ಅನುಭವ ಅದು. ಅದನ್ನ ಪಾಠಕ್‌ಗೆ ಹತ್ತು ತಿಂಗಳಲ್ಲಿ ಕೊಡು ಅಂದ್ರೆ ಎಲ್ಲಿಂದ ತರ್ತಾನೆ? ಅದರ ಮೇಲೆ ಇಬ್ಬರು ಕೀಪರ್‌ಗಳನ್ನೂ ಅದಲು ಬದಲು ಮಾಡ್ತಾ ಆಡಿಸ್ತಿದ್ದಾರೆ. ರಷರ್‌ಗಳಿಗೆ ಒಂದೇ ದನಿ ಅಭ್ಯಾಸ ಆಗೋದು ಯಾವಾಗ?

ರೋಲಿಂಗ್_ಸಬ್

ಇದಕ್ಕೆ ಒಂದು ಸೇರಿಸಿ: ಅಮಿತ್ ರೋಹಿದಾಸ್. ನಮ್ಮ ಮೊದಲ ರಷರ್ ಅಂದ್ರೆ ಅವನೇ. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಬಿದ್ದು ಅವನು ಸೆಮಿಫೈನಲ್ ಆಡಲಿಲ್ಲ, ಜರ್ಮನಿ ವಿರುದ್ಧ 2-3. ಮೊದಲ ರಷರ್ ಒಬ್ಬ ಹೋದ್ರೆ ಏನಾಗುತ್ತೆ ಅಂತ ಅವತ್ತೇ ಗೊತ್ತಾಗಿತ್ತು. ಎರಡನೆಯವನನ್ನ ತಯಾರು ಮಾಡೋಕೆ ಒಂದು ವರ್ಷ ಇತ್ತು.

ಬೆಟಗೇರಿ_ಹಾಫ್

ಎಲ್ಲಾರೂ ಕೀಪರ್ ಹಿಂದ ಬಿದ್ದೀರಿ. ಕೋಚ್ ಬಗ್ಗೆ ಯಾರೂ ಮಾತಾಡವಲ್ಲರಿ?

ಕ್ರೇಗ್ ಫುಲ್ಟನ್ ಬಂದಾಗಿಂದ ಒಂದ ಮಂತ್ರ: ಮೊದಲ ಡಿಫೆನ್ಸ್ ಗಟ್ಟಿ ಮಾಡ್ರಿ, ಗೆಲುವು ತಾನ ಬರ್ತದ. ಏಷ್ಯನ್ ಗೇಮ್ಸ್ ಬಂಗಾರ ಬಂತು, ಪ್ಯಾರಿಸ್ ಕಂಚು ಬಂತು, ಇಲ್ಲ ಅನ್ನಂಗಿಲ್ಲ. ಆದ್ರ ಮುನ್ನಡಿ ಸಿಕ್ಕ ಕೂಡಲೇ ನಮ್ಮ ಹುಡುಗ್ರು ತಾವ ಹಿಂದ ಸರೀತಾರ. ಫುಲ್ ಪ್ರೆಸ್ (ಮುಂದ ಹೋಗಿ ಒತ್ತಡ ಹಾಕೂದು) ಬಿಟ್ಟು ಹಾಫ್ ಪ್ರೆಸ್, ಆಮ್ಯಾಲ ಅದನ್ನೂ ಬಿಟ್ಟು ನಮ್ಮ ಗೋಲಿಂದ 23 ಮೀಟರ್ ದೂರದ 23ರ ಗೆರಿ ಒಳಗ ಹತ್ತು ಮಂದಿ. ಎದುರಿನವ್ರಿಗೆ ಬೇಕಾಗಿದ್ದೂ ಅದ. ಡಚ್ಚರು ಗೋಲ ಹೊಡಿಲಿಕ್ಕೆ ಡಿ ಒಳಗ ಬರೂದಿಲ್ಲ, ಕಾಲಿಗೆ ಚೆಂಡು ಬಡಸಲಿಕ್ಕೆ ಬರ್ತಾರ. ಹತ್ತು ಮಂದಿ ನಿಂತಲ್ಲೆ ಇಪ್ಪತ್ತು ಕಾಲು ಇರ್ತಾವ. ಒಂದಕ್ಕರ ಬಡೀತದ, ಪಿಸಿ ಆತು.

ಇಪ್ಪತ್ಮೂರರ_ಗೆರೆ

@ಬೆಟಗೇರಿ_ಹಾಫ್ ಮೊದಲ ಡಚ್ ಪಂದ್ಯ ಇದಕ್ಕೆ ಸಾಕ್ಷಿ. ಹರ್ಮನ್‌ಪ್ರೀತ್ ಗೋಲಿನಿಂದ ಮುನ್ನಡೆ, ಥೈಸ್ ಫಾನ್ ದಾಮ್ ಸಮ ಮಾಡಿದ, 58ನೇ ನಿಮಿಷದಲ್ಲಿ ಮತ್ತೆ ಅವನೇ ಹೊಡೆದ. ಎರಡನೆಯದ್ದು ಇನ್ನೂ ಹೊಟ್ಟೆ ಉರಿಸೋದು: ಜುಗ್‌ರಾಜ್ 2-2 ಮಾಡಿ ಉಸಿರು ಬಿಡೋದ್ರೊಳಗೆ ಯಿಪ್ ಯಾನ್ಸನ್ ಪಿಸಿಯಲ್ಲಿ ಮುಗಿಸಿದ. ಆಸ್ಟ್ರೇಲಿಯಾ ಜೊತೆ ಅಭಿಷೇಕ್ ಎರಡು ಹೊಡೆದು 2-0 ಇತ್ತು. ಅದೂ ಹೋಯ್ತು.

ಮೂರನೇ_ಅಂಪೈರ್

ಕೋಚ್ ಹಿಂದೆ ಸರೀರಿ ಅಂತ ಹೇಳ್ತಾರೆ ಅನ್ನೋದಕ್ಕೆ ಪುರಾವೆ ಇಲ್ಲ. ಮುನ್ನಡೆ ಕಾಪಾಡೋ ತಂಡ ಸಹಜವಾಗಿ ಕೆಳಗಿಳಿಯುತ್ತೆ, ಬೆಲ್ಜಿಯಂ ಕೂಡ ಇಳಿಯುತ್ತೆ. ಪ್ರಶ್ನೆ ಇಳಿದಮೇಲೆ ಚೆಂಡು ಸಿಕ್ಕಾಗ ಏನು ಮಾಡ್ತಾರೆ ಅನ್ನೋದು.

ಕೊನೇ 5 ನಿಮಿಷದಲ್ಲಿ ನಮ್ಮವರು ಮಾಡೋ ತಪ್ಪುಗಳು ಪ್ರತಿ ಪಂದ್ಯದಲ್ಲೂ ಒಂದೇ.

ಮೊದಲನೆಯದು ಏರಿಯಲ್. ಒತ್ತಡ ಬಂದ ಕೂಡಲೇ ಡಿಫೆಂಡರ್ ಚೆಂಡನ್ನ ಎತ್ತಿ ಬಿಸಾಕ್ತಾನೆ. ಒಳ್ಳೇದೇ, 50 ಮೀಟರ್ ಆಚೆ ಹೋಗುತ್ತೆ. ಆದರೆ ಅಲ್ಲಿ ನಮ್ಮವನು ಮೊದಲೇ ನಿಂತಿರಬೇಕು. ಚೆಂಡು ಇಳಿಯೋ ಜಾಗದಲ್ಲಿ ಮೊದಲು ನಿಂತವನಿಗೆ ಎದುರಾಳಿ 5 ಮೀಟರ್ ಬಿಡಲೇಬೇಕು, ನಿಯಮ ಅದು. ನಮ್ಮವರು ಎತ್ತಿದಮೇಲೆ ಓಡೋಕೆ ಶುರು ಮಾಡ್ತಾರೆ. ಅಲ್ಲಿ ಆಸ್ಟ್ರೇಲಿಯಾದವನು ಆಗಲೇ ಕಾದಿರ್ತಾನೆ. ಹತ್ತು ಸೆಕೆಂಡ್‌ನಲ್ಲಿ ಚೆಂಡು ವಾಪಸ್.

ಎರಡನೆಯದು 23ರ ಗೆರೆ ಒಳಗಿನ ಫೌಲ್. ಡಿ ಹೊರಗಡೆ ಆದರೂ 23ರ ಒಳಗೆ ಬೇಕಂತಲೇ ಮಾಡಿದ ಫೌಲ್ ಅಂತ ಅಂಪೈರ್‌ಗೆ ಅನ್ನಿಸಿದ್ರೆ ಅದು ಪಿಸಿ. ದಾಟಿ ಹೋದವನಿಗೆ ಹಿಂದಿನಿಂದ ಸ್ಟಿಕ್ ಹಾಕಿ ಎಳೆಯೋದು, ಫ್ರೀ ಹಿಟ್ ತಗೊಳ್ಳುವಾಗ 5 ಮೀಟರ್ ಬಿಡದೆ ಅಡ್ಡ ನಿಲ್ಲೋದು, ಇವೆಲ್ಲ ಅದೇ ಲೆಕ್ಕಕ್ಕೆ. ಅದರ ಮೇಲೆ ಹಸಿರು ಕಾರ್ಡ್ ಬಿದ್ರೆ 2 ನಿಮಿಷ ಹತ್ತು ಜನ.

ಮೂರನೆಯದು ಸಮಯ ಕೊಲ್ಲೋ ಜಾಗ. ಎದುರಾಳಿಯ ಮೂಲೆಗೆ ಚೆಂಡು ಒಯ್ದು ಸೈಡ್‌ಲೈನ್‌ಗೆ ಆನಿಸಿ ನಿಂತು, ಅವನ ಕಾಲಿಗೋ ಸ್ಟಿಕ್ಕಿಗೋ ಬಡಿಸಿ ಮತ್ತೆ ಸೈಡ್ ಹಿಟ್ ಪಡೆಯೋದು. ನೋಡೋಕೆ ಚೆಂದ ಇರಲ್ಲ, ಜರ್ಮನ್ನರು ನಾಚಿಕೆ ಇಲ್ಲದೆ ಮಾಡ್ತಾರೆ. ನಮ್ಮವರಿಗೆ 58ನೇ ನಿಮಿಷದಲ್ಲೂ ಇನ್ನೊಂದು ಗೋಲ್ ಬೇಕು.

ಬ್ಲೂ_ಟರ್ಫ್

ಹೂಟರ್ ಹೊಡೆದರೂ ಪಿಸಿ ಮುಗಿಯೋವರೆಗೂ ಆಟ ಮುಗಿಯಲ್ಲ ಅನ್ನೋದನ್ನೂ ಹೇಳಿ. ಕೊನೇ ಸೆಕೆಂಡಿನ ಫೌಲ್ ಬಗ್ಗೆ ಯಾರಿಗೂ ಭಯವೇ ಇಲ್ಲ.

ಗೆದ್ದಾಗ_ಮಾತ್ರ

ಮೂರನೇ ಅಂಪೈರ್ ಸಾಹೇಬ್ರು ರೂಲ್ ಬುಕ್ ಪೂರ್ತಿ ಟೈಪ್ ಮಾಡೋ ಮೊದಲು ಯಾರಾದ್ರೂ ರೆಫರಲ್ ಕೇಳ್ರಪ್ಪ 😂

ಡೀಪ್_ಡಿಫೆನ್ಸ್

ಡಿಫೆನ್ಸ್ ಡಿಫೆನ್ಸ್ ಅಂತ ಎಲ್ಲರೂ ಬಡ್ಕೋತಿದ್ದೀರಿ. ನಾನು ಉಲ್ಟಾ ಹೇಳ್ತೀನಿ: ಸಮಸ್ಯೆ ಗೋಲ್ ಹೊಡೆಯೋದ್ರಲ್ಲಿದೆ. 2-0 ಇದ್ದಾಗ ಮೂರನೆಯದ್ದು ಬಂದಿದ್ರೆ ಈ ಏರಿಯಲ್ ಪುರಾಣ ಯಾರಿಗೂ ನೆನಪಾಗ್ತಿರಲಿಲ್ಲ.

ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ ಒಬ್ಬನೇ 10 ಗೋಲ್ ಹೊಡೆದ, ಎಲ್ಲಾ ಪಿಸಿ ಮತ್ತು ಸ್ಟ್ರೋಕ್ (ಕೀಪರ್ ಒಬ್ಬನ ಎದುರಿನ ಪೆನಾಲ್ಟಿ ಹೊಡೆತ). ಅವತ್ತೇ ಎಚ್ಚರ ಆಗಬೇಕಿತ್ತು. ಈ ಪ್ರವಾಸದಲ್ಲಿ ಬೆರಳಿಗೆ ಪೆಟ್ಟಾಗಿ ಅವನು ಕೂತ್ಕೊಂಡ, ಆಸ್ಟ್ರೇಲಿಯಾ ಪಂದ್ಯಗಳಿಗೆ ಇಲ್ಲ. ಜುಗ್‌ರಾಜ್, ಸಂಜಯ್ ಫ್ಲಿಕ್ ಮಾಡಬಲ್ಲರು, ವೇಗ ಇದೆ. ಆದರೆ ಹರ್ಮನ್ ಒಂದೇ ರನ್‌ಅಪ್‌ನಿಂದ ಎರಡೂ ಮೂಲೆಗೆ ಹೊಡೀತಾನೆ, ಚೆಂಡು ಸ್ಟಿಕ್ ಬಿಡೋವರೆಗೂ ಕೀಪರ್‌ಗೆ ದಿಕ್ಕು ಸಿಗಲ್ಲ. ಉಳಿದವರದ್ದು ಹೆಗಲು ನೋಡಿದ್ರೆ ಅರ್ಧ ಗೊತ್ತಾಗುತ್ತೆ.

ಇನ್ನು ಫೀಲ್ಡ್ ಗೋಲ್, ಅಂದ್ರೆ ಪಿಸಿ, ಸ್ಟ್ರೋಕ್ ಇಲ್ಲದೆ ಆಟದ ನಡುವೆ ಬರೋದು. ಡಿ ಒಳಗೆ ನಮ್ಮ ಎಂಟ್ರಿ ಕಮ್ಮಿ ಇಲ್ಲ. ಒಳಗೆ ಹೋದಮೇಲೆ ಏನಾಗುತ್ತೆ ನೋಡಿ: ಬಲಗಡೆಯಿಂದ ಒಬ್ಬ ಬೇಸ್‌ಲೈನ್ ಹಿಡಿದು ಬರ್ತಾನೆ, ತಲೆ ಕೆಳಗೆ. ಆಗ ಮೂರು ಜನ ಮೂರು ಜಾಗದಲ್ಲಿ ಇರಬೇಕು: ಒಬ್ಬ ಹತ್ತಿರದ ಕಂಬಕ್ಕೆ ನುಗ್ಗಿ ಡಿಫೆಂಡರ್‌ನ ಎಳೆಯೋಕೆ, ಒಬ್ಬ ಸ್ಟ್ರೋಕ್ ಚುಕ್ಕೆ ಹತ್ತಿರ ಕಟ್‌ಬ್ಯಾಕ್‌ಗೆ (ಹಿಂದಕ್ಕೆ ಬರೋ ಪಾಸ್), ಒಬ್ಬ ದೂರದ ಕಂಬದಲ್ಲಿ ಸ್ಟಿಕ್ ನೆಲಕ್ಕೆ ಹಾಕಿ ಚೆಂಡನ್ನ ಗೋಲಿಗೆ ತಿರುಗಿಸೋಕೆ. ನಮ್ಮವರಲ್ಲಿ ಇಬ್ಬರು ಹತ್ತಿರದ ಕಂಬಕ್ಕೇ ನುಗ್ಗಿರ್ತಾರೆ, ದೂರದ ಕಂಬ ಖಾಲಿ. ಚೆಂಡು ಗೋಲಿನ ಮುಂದೆಯೇ ಹಾದು ಆಚೆ ಹೋಗುತ್ತೆ, ಕಾಮೆಂಟೇಟರ್ "ಅಯ್ಯೋ" ಅಂತಾರೆ. ಅಭಿಷೇಕ್ ಒಬ್ಬ ಮಾತ್ರ ತಿರುಗಿ ಹೊಡೆಯೋ ಧೈರ್ಯ ಮಾಡ್ತಾನೆ, ರಿವರ್ಸ್ ಹಿಟ್ಟೂ ಇದೆ. ಮಿಕ್ಕವರು ಇನ್ನೊಂದು ಪಾಸ್ ಕೊಡ್ತಾರೆ, ಇಲ್ಲ ಡಿಫೆಂಡರ್ ಕಾಲು ಹುಡುಕ್ತಾರೆ.

ಕಾಲು ಹುಡುಕೋದು ತಪ್ಪಲ್ಲ. ನಾಲ್ಕು ಪಿಸಿಗೆ ಒಂದು ಗೋಲ್ ಬಂದ್ರೆ ಒಳ್ಳೇ ಫ್ಲಿಕರ್ ಅಂತೀವಿ. ಅಂದ್ರೆ ಮೂರು ಗೋಲ್ ಬೇಕಾದ್ರೆ ಹನ್ನೆರಡು ಪಿಸಿ ಬೇಕು. ನೆದರ್ಲೆಂಡ್ಸ್ ವಿರುದ್ಧ ಹನ್ನೆರಡು ಯಾರು ಕೊಡ್ತಾರೆ?

ಎಡಗಡೆ_ಕಂಬ

@ಡೀಪ್_ಡಿಫೆನ್ಸ್ ಇಂಥ ಹೆಸರಿಟ್ಕೊಂಡು ಅಟ್ಯಾಕ್ ಪರ ವಾದ! ಆದ್ರೂ ದೂರದ ಕಂಬದ ಮಾತು ನೂರಕ್ಕೆ ನೂರು ಸರಿ.

ಒಂದೇ ತಕರಾರು. ಏಳು ಪಂದ್ಯದಲ್ಲಿ 14 ಗೋಲ್ ಹೊಡೆದಿದ್ದೀವಿ, ಪಂದ್ಯಕ್ಕೆ 2. ಈ ಮಟ್ಟದಲ್ಲಿ ಅದು ತೀರಾ ಬಡತನ ಅಲ್ಲ. ಬಿಟ್ಟುಕೊಟ್ಟಿದ್ದು 23, ಪಂದ್ಯಕ್ಕೆ ಮೂರಕ್ಕೂ ಮೇಲೆ. ಡಿಫೆನ್ಸೇ ನಮ್ಮ ಬಂಡವಾಳ ಅನ್ನೋ ತಂಡ ಇದು. ಹಾಗಾಗಿ ನಾನು ಮೊದಲು ಅಲ್ಲೇ ನೋಡ್ತೀನಿ.

ಮೂರನೇ_ಅಂಪೈರ್

23ರಲ್ಲಿ 6 ಇವತ್ತು ಒಂದೇ ದಿನದ್ದು. ಅದನ್ನ ತೆಗೆದ್ರೆ 6 ಪಂದ್ಯಕ್ಕೆ 17, ಹೊಡೆದಿದ್ದು 11. ಆಗ ನಿಮ್ಮ "ಪಂದ್ಯಕ್ಕೆ 2" ಕೂಡ 1.8ಕ್ಕೆ ಇಳಿಯುತ್ತೆ. ಎರಡೂ ಕಡೆ ಸೋರ್ತಿದೆ.

ರೋಲಿಂಗ್_ಸಬ್

ಕಾಲಿನ ದಣಿವಿನ ಬಗ್ಗೆ ಮಾತಾಡಿದ್ರೆ "ನೆಪ" ಅಂತೀರಿ, ಆದ್ರೂ ಹೇಳ್ತೀನಿ. ಹಾಕಿ ಇಂಡಿಯಾ ಲೀಗ್ ಡಿಸೆಂಬರ್ 28ಕ್ಕೆ ಶುರು, ಫೆಬ್ರವರಿ 1ಕ್ಕೆ ಮುಗೀತು. ಎರಡು ವಾರಕ್ಕೆ ಭುವನೇಶ್ವರ. ಈಗ ಜೂನ್ 7ರಿಂದ 22ರ ಒಳಗೆ 8 ಪಂದ್ಯ, ಅದರಲ್ಲಿ ಮೊದಲ ಆರು ಒಂಬತ್ತು ದಿನದಲ್ಲಿ. ಎದುರಾಳಿ ಪ್ರತಿ ಎರಡು ಪಂದ್ಯಕ್ಕೆ ಹೊಸಬರು, ತಾಜಾ ಕಾಲು. ನಮ್ಮವರು ಅವರೇ.

ದಣಿವು ಎಲ್ಲಿ ಕಾಣುತ್ತೆ ಅಂದ್ರೆ ಓಟದಲ್ಲಲ್ಲ, ಬದಲಾವಣೆಯಲ್ಲಿ. ಈ ಆಟದಲ್ಲಿ ಎಷ್ಟು ಸಲ ಬೇಕಾದ್ರೂ ಒಳಗೆ ಹೊರಗೆ ಮಾಡಬಹುದು. ಫಾರ್ವರ್ಡ್‌ಗಳು ಕೆಲವೇ ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ಬರಬೇಕು, ಆಗಲೇ ಪ್ರೆಸ್ ನಿಲ್ಲೋದು. ಬೆಂಚ್ ದಣಿದಿದ್ರೆ ಒಳಗಿದ್ದವನು ಇನ್ನೆರಡು ನಿಮಿಷ ಎಳೀತಾನೆ. ಅವನು ಪ್ರೆಸ್‌ಗೆ ಒಂದು ಹೆಜ್ಜೆ ತಡ ಹೋದ್ರೆ ಎದುರಾಳಿ ಸೆಂಟರ್ ಬ್ಯಾಕ್‌ಗೆ ತಲೆ ಎತ್ತಿ ನೋಡೋಕೆ ಸಮಯ ಸಿಗುತ್ತೆ, ಮಧ್ಯದಲ್ಲಿ ನೇರ ಪಾಸ್ ಹಾಯಿಸ್ತಾನೆ. ನಮ್ಮ ಮಿಡ್‌ಫೀಲ್ಡರ್‌ಗಳು ಹಾರ್ದಿಕ್, ಮನ್‌ಪ್ರೀತ್ ಇಬ್ಬರ ನಡುವೆ ಚೆಂಡು ಹಾದುಹೋಗೋದನ್ನ ಎಷ್ಟು ಸಲ ನೋಡಿದ್ವಿ ಈ ಪ್ರವಾಸದಲ್ಲಿ?

ಬೆಟಗೇರಿ_ಹಾಫ್

ಮನ್‌ಪ್ರೀತ್ 400 ಪಂದ್ಯ ಮುಟ್ಯಾನ. ಅವನ ಜಾಗಾಕ್ಕ ಯಾರನ್ನ ಬೆಳಸ್ಯಾರ ಹೇಳ್ರಿ. ದಣಿವಿನ ಮಾತು ಒಪ್ಪತೇನಿ, ಆದ್ರ ಆಸ್ಟ್ರೇಲಿಯಾದವ್ರೂ ಅರ್ಧ ಜಗತ್ತು ದಾಟಿ ಬಂದಾರಲ್ಲ.

ಕಾವೇರಿ_ಗ್ಯಾಲರಿ

ವಿಷಯಾಂತರ ಆಗುತ್ತೆ, ಕ್ಷಮೆ ಇರಲಿ. ಆಮ್‌ಸ್ಟೆಲ್‌ವೀನ್‌ನಲ್ಲಿ ಮುನ್ನಡೆ ಕಳ್ಕೊಳ್ಳೋದು ನಮಗೆ ಹೊಸದಲ್ಲ. 1973ರ ವಿಶ್ವಕಪ್ ಫೈನಲ್ ಅಲ್ಲೇ, ಇದೇ ಡಚ್ಚರ ವಿರುದ್ಧ. 2-0 ಇತ್ತು, 2-2 ಆಯ್ತು, ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಸ್ಟ್ರೋಕ್ ಕೈತಪ್ಪಿ ಕೊನೆಗೆ ಸ್ಟ್ರೋಕ್‌ಗಳಲ್ಲೇ ಸೋತ್ವಿ. ನಾಯಕ ನಮ್ಮ ಕೊಡಗಿನ ಎಂ.ಪಿ. ಗಣೇಶ್.

ಹೇಳಬೇಕಿದ್ದು ಬೇರೆ. 2016ರ ರಿಯೊ ತಂಡದಲ್ಲಿ ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ನಾಲ್ಕು ಜನ ಕೊಡಗಿನವರು. ಟೋಕಿಯೊ, ಪ್ಯಾರಿಸ್ ತಂಡಗಳಲ್ಲಿ ಕರ್ನಾಟಕದಿಂದ ಸೊನ್ನೆ. ಶಿಬಿರ ಮಾತ್ರ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ! ಸುನಿಲ್ ಥರ ಬಲಗಡೆಯಿಂದ ಸೀಳಿಕೊಂಡು ಹೋಗೋ ವಿಂಗರ್ ಇವತ್ತಿನ ತಂಡದಲ್ಲಿ ಯಾರಿದ್ದಾರೆ? ಡಿಫೆನ್ಸ್‌ಗೆ ಉಸಿರು ಸಿಗೋದೇ ಅಂಥವನೊಬ್ಬ ಚೆಂಡು ಹಿಡಿದು 40 ಮೀಟರ್ ಓಡಿದಾಗ.

ಬ್ಲೂ_ಟರ್ಫ್

ರಾಹೀಲ್ ಇದ್ದಾನಲ್ಲ, ಬೆಂಗಳೂರು ಹುಡುಗ. ಕಳೆದ ವರ್ಷ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಆಡಿದ. ಹಾಕಿ ಇಂಡಿಯಾ ಲೀಗ್‌ಗೆ ಎಂಟು ಪುರುಷರ ತಂಡ ಬಂತು, ಕರ್ನಾಟಕದ್ದು ಒಂದೂ ಇಲ್ಲ. ಅದರ ಬಗ್ಗೆ ಯಾರೂ ತುಟಿ ಬಿಚ್ಚಲ್ಲ.

ಡೀಪ್_ಡಿಫೆನ್ಸ್

ಕೊಡವ ಕುಟುಂಬ ಹಾಕಿಗೆ 300ಕ್ಕೂ ಹೆಚ್ಚು ತಂಡ ಬರುತ್ತೆ. ಆಟಗಾರರಿಗೆ ಬರ ಇಲ್ಲ. ಆದರೆ ಅದು ಹುಲ್ಲಿನ ಮೈದಾನದ ಆಟ. ನೀರು ಹಾಕಿದ ಟರ್ಫ್‌ನಲ್ಲಿ ಚೆಂಡು ಜಾರೋ ವೇಗವೇ ಬೇರೆ, ಹಿಡಿಯೋ ಭಂಗಿಯೇ ಬೇರೆ: ಸೊಂಟ ಬಗ್ಗಿ, ಸ್ಟಿಕ್ ಪೂರ್ತಿ ಮಲಗಿಸಿ, ಮೊದಲ ಸ್ಪರ್ಶದಲ್ಲೇ ಚೆಂಡನ್ನ ಮುಂದಿನ ದಿಕ್ಕಿಗೆ ತಿರುಗಿಸಬೇಕು. ಹನ್ನೆರಡು ಹದಿಮೂರರ ವಯಸ್ಸಿಗೆ ಟರ್ಫ್ ಸಿಗದಿದ್ರೆ ಇಪ್ಪತ್ತಕ್ಕೆ ಕಲಿಯೋದು ಕಷ್ಟ.

ಇಪ್ಪತ್ಮೂರರ_ಗೆರೆ

ಇದಕ್ಕೆ ಬೇರೆ ಚರ್ಚೆ ತೆಗೀರಿ ದಯವಿಟ್ಟು, ನಾನೂ ಬರ್ತೀನಿ. ಈಗ ನಾಳೆಯ ಪಂದ್ಯ.

ಇಪ್ಪತ್ಮೂರರ_ಗೆರೆ | ಜೂನ್ 22

ಬೆಲ್ಜಿಯಂ ವಿರುದ್ಧ 4-3! ಅಂತೂ ಗೆದ್ವಿ. ಸುಖಜೀತ್ ಎರಡು, ರೋಹಿದಾಸ್ ಒಂದು, ಕೊನೆಗೆ ಹರ್ಮನ್‌ಪ್ರೀತ್ ಸ್ಟ್ರೋಕ್. 16 ಪಂದ್ಯ, 18 ಅಂಕ, ಎಂಟನೇ ಸ್ಥಾನ.

ಗೆದ್ದಾಗ_ಮಾತ್ರ

ನೋಡಿದ್ರಾ, ನಾನು ಬಂದೆ 🕺

ಎಡಗಡೆ_ಕಂಬ

ಮತ್ತೆ ಮೂರು ಬಿಟ್ಟುಕೊಟ್ವಿ ಅನ್ನೋದು ಯಾರಿಗೂ ಕಾಣಲ್ವಾ? ಆದ್ರೂ ಒಂದು ಖುಷಿ: ಈ ಸಲ ಕೊನೇ ನಿಮಿಷಗಳಲ್ಲಿ ತಪ್ಪು ಮಾಡಿದ್ದು ಎದುರಾಳಿ.

ರೋಲಿಂಗ್_ಸಬ್

ಲಲಿತ್ ಉಪಾಧ್ಯಾಯ ನಿವೃತ್ತಿ ಹೇಳಿದ. ಎರಡು ಒಲಿಂಪಿಕ್ ಕಂಚು. ಡಿ ಒಳಗೆ ಗಡಿಬಿಡಿ ಮಾಡದ ಒಬ್ಬನೇ ಫಾರ್ವರ್ಡ್ ಹೋದ.

ಗೆದ್ದಾಗ_ಮಾತ್ರ | ಸೆಪ್ಟೆಂಬರ್ 7

ಹಳೇ ಚರ್ಚೆ ಎಬ್ಬಿಸ್ತಿದ್ದೀನಿ, ಬೇಕಂತಲೇ. ರಾಜ್‌ಗೀರ್, ಏಷ್ಯಾ ಕಪ್ ಫೈನಲ್, ಕೊರಿಯಾ ವಿರುದ್ಧ 4-1. ವಿಶ್ವಕಪ್ ಟಿಕೆಟ್ ಕೈಲಿದೆ. ಎಲ್ಲಿ ಹೋದ್ರು ಜೂನ್ ತಿಂಗಳ ಪಂಡಿತರು?

ಡೀಪ್_ಡಿಫೆನ್ಸ್

ಇಲ್ಲೇ ಇದ್ದೀವಿ. ಫೈನಲ್‌ನ ನಾಲ್ಕರಲ್ಲಿ ಮೂರು ಫೀಲ್ಡ್ ಗೋಲ್: ಮೊದಲ ನಿಮಿಷದಲ್ಲೇ ಸುಖಜೀತ್, ಆಮೇಲೆ ದಿಲ್‌ಪ್ರೀತ್ ಎರಡು. ಜೂನ್‌ನಲ್ಲಿ ಬೇಡಿಕೊಂಡಿದ್ದು ಇದನ್ನೇ ಅಲ್ವಾ? ಅದೇ ಟೂರ್ನಿಯ ಮೊದಲ ಪಂದ್ಯದಲ್ಲಿ ಚೀನಾ ವಿರುದ್ಧ ನಾಲ್ಕಕ್ಕೆ ನಾಲ್ಕೂ ಪಿಸಿ. ಹತ್ತು ದಿನದಲ್ಲಿ ಇಷ್ಟು ಬದಲಾದ್ರೆ ಕೋಚ್‌ಗೆ ಶಹಬ್ಬಾಸ್ ಹೇಳಲೇಬೇಕು.

ಬೆಟಗೇರಿ_ಹಾಫ್

ಆ ಚೀನಾ ಪಂದ್ಯ 4-3 ಆಗಿತ್ತು, ಮರೀಬ್ಯಾಡ್ರಿ. ಮೂರು ಬಿಟ್ಟಕೊಟ್ಟೀವಿ. ಸೂಪರ್ ಫೋರ್‌ನಾಗ ಇದ ಕೊರಿಯಾ ಜೋಡಿ 2-2. ಮುಂದಿನ ಆಗಸ್ಟ್‌ಗೆ ವಿಶ್ವಕಪ್ ಎಲ್ಲೈತಿ? ನೆದರ್ಲೆಂಡ್ಸ್, ಬೆಲ್ಜಿಯಂನಾಗ. ಮತ್ತ ಅದ ಆಮ್‌ಸ್ಟೆಲ್‌ವೀನು, ಅವ ಡಚ್ಚರು.

ಗೆದ್ದಾಗ_ಮಾತ್ರ

ಹಂಗಾದ್ರೆ ಖುಷಿ ಪಡೋದು ಯಾವಾಗ ಸ್ವಾಮಿ?

ಎಡಗಡೆ_ಕಂಬ

ಇವತ್ತು ರಾತ್ರಿ ಪಡಿ, ಯಾರು ಬೇಡ ಅಂದ್ರು. ನಾಳೆ ಆ ಚೀನಾದ ಮೂರು ಗೋಲ್ ನಿಧಾನಕ್ಕೆ ಓಡಿಸಿ, ಪ್ರತಿಯೊಂದರಲ್ಲೂ ನಮ್ಮವರು ಎಲ್ಲಿ ನಿಂತಿದ್ರು ಅಂತ ಇಲ್ಲಿ ಹಾಕ್ತೀನಿ.